ಕುದಿಸಿದ ಲಡಿ

ತಂಗಿ ಬಾಗಲಕೋಟೆಯ ಕಾಲೇಜಿನಲ್ಲಿ ರೇಷ್ಮೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ತೇವ ಹೀರಿದಾಗ ಎಳೆ ಎಷ್ಟು ಹಿಗ್ಗುತ್ತದೆ, ಎಷ್ಟು ಭಾರಕ್ಕೆ ಹರಿಯುತ್ತದೆ ಎನ್ನುವುದು ಅವಳ ವಿಷಯ. ನಾನು ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗಕ್ಕೆ ನೂಲು ಸುತ್ತುವವಳು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು.

ಒಂದು ಮಳೆಗಾಲ ಅವಳು ಒಂದೇ ಬೆಳೆಯ ಗೂಡಿನಿಂದ ತೆಗೆದ ಹಸಿ ರೇಷ್ಮೆಯ ಲಡಿಗಳನ್ನು, ಎಂದರೆ ನೂಲಿನ ಸುರುಳಿಗಳನ್ನು, ತಂದು ಮಗ್ಗದ ಕೋಣೆಯ ಗೂಟಕ್ಕೆ ಹಾಕಿದಳು. ಆ ಕೋಣೆಯಲ್ಲಿ ಸದಾ ತಂಪು, ತೇವ.

"ಅಕ್ಕಾ, ಮಳಿಗಾಲ ಮುಗಿಯೋತನಾ ಇಲ್ಲೇ ಇರ್ಲಿ. ಮುಟ್ಟಬ್ಯಾಡ."

"ಇಂಥಾ ಹೊಲಸ ಲಡಿ ಇಟಗೊಂಡು ಏನ್ ಓದ್ತೀಯವ್ವಾ? ಸೆಟದು ನಿಂತಾವು, ನಿನ್ನಂಗ."

"ನನ್ನಂಗ ಅಲ್ಲ, ನಿನ್ನ ತಲಿಗೂದ್ಲಂಗ" ಎಂದು ನಕ್ಕಳು.

ಹಸಿ ರೇಷ್ಮೆಗೆ ಹುಳು ಬಿಟ್ಟ ಅಂಟು ಇರುತ್ತದೆ. ಸಾಬೂನು, ಸೋಡಾ ಹಾಕಿ ಕುದಿಸಿದರೆ ಅಂಟು ಹೋಗಿ ನೂಲು ಮೆತ್ತಗಾಗಿ ಹೊಳೆಯುತ್ತದೆ. ಕುದಿಸದ ರೇಷ್ಮೆಯನ್ನು ನಮ್ಮ ಮನೆಯವರು ಯಾರ ಕೈಗೂ ಕೊಟ್ಟವರಲ್ಲ. ಮಳೆಗಾಲದ ಕೊನೆಗೆ ಮನೆಯ ರೇಷ್ಮೆ ಕುದಿಸುವಾಗ, ಕಾಲೇಜಿನ ದೊಡ್ಡವರ ಮುಂದೆ ತಂಗಿ ಇಂಥದ್ದನ್ನು ಹಿಡಿದು ನಿಲ್ಲುವುದೇ ಎನ್ನಿಸಿ ಮೊದಲಿಗೆ ಅವಳದೊಂದು ಲಡಿಯನ್ನೂ ಹಂಡೆಗೆ ಬಿಟ್ಟೆ. ತೆಗೆದು ಹಿಂಡುತ್ತಿದ್ದೆ, ಅವಳ ಫೋನು ಬಂತು.

"ನಾಳೆ ಒಯ್ಯಾಕ ಬರ್ತೇನಿ. ಅಂಟು ಹಂಗ ಐತಿಲ್ಲೋ? ಅದರ ಮ್ಯಾಲೇ ನನ್ನ ಎಲ್ಲಾ ಕೆಲಸ."

"ಐತಿ" ಎಂದೆ.

ನಮ್ಮ ಕಪಾಟಿನಿಂದ ಒಂದು ಹಸಿ ಲಡಿ ತೆಗೆದು, ಕುದಿಸಿದ ಲಡಿಗೆ ಅವಳು ಕಟ್ಟಿದ್ದ ಗುರುತಿನ ದಾರವನ್ನು ಬಿಚ್ಚಿ ಅದಕ್ಕೆ ಕಟ್ಟಿ ಗೂಟಕ್ಕೆ ಹಾಕಿದೆ. ನೋಡಲು ಅದೂ ಅವಳ ಲಡಿಗಳೂ ಒಂದೇ.

ಬೇರೆ ಬೆಳೆಯ ಆ ಲಡಿ ಮಾತ್ರ ಪರೀಕ್ಷೆಯಲ್ಲಿ ಉಳಿದವುಗಳ ಹಾಗೆ ನಡೆಯಲಿಲ್ಲ. ಅಳತೆಯ ಲೆಕ್ಕ ನೀನೇ ಹುಟ್ಟಿಸಿದೆಯಾ ಎಂದು ಅವಳ ಮಾರ್ಗದರ್ಶಕರು ಕೇಳಿದರಂತೆ.

"ಅಕ್ಕಾ, ಯಾರರ ಬದಲು ಮಾಡ್ಯಾರೇನು? ಖರೆ ಹೇಳು."

"ಯಾರ್ ಮುಟ್ತಾರ ಅವನ್ನ?"

ನನ್ನನ್ನು ನಂಬಿದಳು. ತಪ್ಪು ತನ್ನ ಕೈಯಲ್ಲೇ ಇದೆ ಎಂದು ಹುಡುಕುತ್ತ ಮತ್ತೆ ಮತ್ತೆ ಎಳೆದು, ಹರಿದು ನೋಡಿದಳು. ಹರಿದ ಎಳೆ ಇನ್ನೊಂದು ಪರೀಕ್ಷೆಗೆ ಬರುವುದಿಲ್ಲ. ಲಡಿಗಳೆಲ್ಲ ಮುಗಿದವು, ಆ ಬೆಳೆಯ ರೇಷ್ಮೆ ಮತ್ತೆ ಸಿಗಲಿಲ್ಲ. ಸಂಶೋಧನೆ ಅರ್ಧಕ್ಕೆ ಬಿಟ್ಟು ಹುನಗುಂದದ ಶಾಲೆಯೊಂದರಲ್ಲಿ ಪಾಠ ಹೇಳತೊಡಗಿದಳು.

ಈಚೆಗೆ ಅವಳು ಊರಿಗೆ ಬಂದಾಗ, ಊಟಕ್ಕೆ ಕೂತಲ್ಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಒಂದ ಲಡಿ ಏನು?"

"ಒಂದ."

"ಅವತ್ತ ಹೇಳಿದ್ರ ಅದೊಂದನ್ನ ತಗದಿಡ್ತಿದ್ದೆ, ಅಷ್ಟ. ಉಳದದ್ದೆಲ್ಲಾ ಛಲೋ ಇತ್ತಲ್ಲ ಅಕ್ಕಾ."

ಹಂಡೆಗೆ ಹೋದದ್ದು ಒಂದು ಲಡಿ. ಉಳಿದದ್ದನ್ನೆಲ್ಲ ಹಾಳು ಮಾಡಿದ್ದು ನನ್ನ ಮಾತು. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ರೊಟ್ಟಿ ಬದಿಗಿಟ್ಟು, ಇಷ್ಟು ದಿನ ತಪ್ಪು ಹೊರಿಸಿದ್ದ ತನ್ನ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತಳು.