ಎರಡು ಪುಟ ಬಿಟ್ಟುಹೋದ ಬಾಣಂತನ

ನಾನು ಬರೆದದ್ದು ಒಂದೇ ಪುಸ್ತಕ, ಅದೂ ಬಾಣಂತನದ್ದು. ಹೆತ್ತ ಹೆಣ್ಣಿಗೆ ಮೊದಲ ದಿನ ಏನು ತಿನ್ನಿಸಬೇಕು, ತಲೆಗೆ ಹೇಗೆ ಬಟ್ಟೆ ಕಟ್ಟಬೇಕು, ಕೂಸಿಗೆ ಎಣ್ಣೆ ಹೇಗೆ ತಿಕ್ಕಬೇಕು, ಅಳವಿ ಬೀಜದ ಪಾಯಸ, ಅಂಟಿನ ಉಂಡಿ, ಬಾಣಂತಿ ಖಾರ. ಮೂಡಲಗಿಯಲ್ಲಿ ನಮ್ಮ ಅವ್ವ ಮಾಡುತ್ತಿದ್ದದ್ದನ್ನೂ ಗೋಕಾಕದಲ್ಲಿ ನಮ್ಮ ಅತ್ತೆ ಮಾಡುತ್ತಿದ್ದದ್ದನ್ನೂ ಕೂಡಿಸಿ ಬರೆದೆ. ಪ್ರಕಾಶಕರು ಅಂತ ಯಾರೂ ಇಲ್ಲ. ನಾನೇ ಬರೆದು, ನಾನೇ ಅಚ್ಚು ಹಾಕಿಸಿ, ನಾನೇ ಮಾರುವವಳು. ಪುಸ್ತಕದ ಗಂಟುಗಳು ನಮ್ಮ ಮಂಚದ ಕೆಳಗಿವೆ. "ನಾ ದಿನಾ ಸಾಹಿತ್ಯದ ಮ್ಯಾಲೆ ಮಲಗಾವ" ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಪುಸ್ತಕದ ಕೊನೆಗೆ ಎಮ್ಮೆಯ ಬಾಣಂತನವನ್ನೂ ಸೇರಿಸಿದ್ದೆ. ಅಚ್ಚುಮನೆಯವರು ತಲೆ ಕೆರೆದುಕೊಂಡು, "ಅಕ್ಕಾರ, ಮನಷ್ಯಾರ ಪುಸ್ತಕದಾಗ ಎಮ್ಮಿ ಯಾಕ್ರಿ?" ಎಂದು ಕೇಳಿದರು. ಯಾಕೆಂದರೆ, ಮೂಡಲಗಿಯ ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೂ ದನದ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಅಕ್ಕ ಹೆತ್ತ ವಾರವೇ ಎಮ್ಮೆಯೂ ಈದಿತ್ತು. ಅವ್ವ ಈ ಕಡೆಗೊಂದು ಬಟ್ಟಲು, ಆ ಕಡೆಗೊಂದು ಬಕೆಟ್ಟು ಹಿಡಿದು ಓಡಾಡುತ್ತಿದ್ದಳು. ಬೆಲ್ಲ ಅದೇ, ಅಜವಾನ ಅದೇ, ಮೆಂತ್ಯ ಅದೇ. ಅಳತೆ ಮಾತ್ರ ಬೇರೆ. ಹೆತ್ತವರೆಲ್ಲ ಒಂದೇ ಎನ್ನುವುದು ಅವ್ವನ ಮತ. "ಎಮ್ಮಿ ತಗದ್ರ ನಮ್ಮವ್ವನ್ನ ತಗದಂಗ" ಎಂದು ನಾನು ಹಟ ಹಿಡಿದೆ. ಹಟದಲ್ಲಿ ನಮ್ಮ ತವರಿನವರನ್ನು ಗೆದ್ದವರು ಇನ್ನೂ ಹುಟ್ಟಿಲ್ಲ.

ಪುಸ್ತಕ ನಿಧಾನವಾಗಿ ಹೋಗುತ್ತಿತ್ತು. ಒಂದು ದಿನ ಗೋಕಾಕ ಫಾಲ್ಸ್ ಎನ್ನುವ ಊರಿನಲ್ಲಿ, ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಬಾಜೂ ಕೂತ ಹೆಂಗಸು ನನ್ನನ್ನು ಗುರುತು ಹಿಡಿದು ಸಂಭ್ರಮಪಟ್ಟಳು. "ನೀವ ಏನ್ರಿ ಆ ಪುಸ್ತಕ ಬರದವ್ರು? ನನ್ನ ಫೋನಿನ್ಯಾಗ ಐತ್ರಿ! ಪುಕ್ಕಟ ಬಂತು!" ನನಗೇನೋ ಬಹುಮಾನ ಬಂದಂತೆ ಹೇಳಿದಳು. ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಹಾಕಿ ಅವಳ ಫೋನ್ ಇಸಿದುಕೊಂಡೆ.

ನೋಡಿದೆ. ಪುಸ್ತಕ ನನ್ನದೇ. ಯಾರೋ ಪುಟ ಪುಟವನ್ನೂ ಫೋಟೋ ಹೊಡೆದು ಪಿಡಿಎಫ್ ಮಾಡಿ ವಾಟ್ಸಾಪಿಗೆ ಬಿಟ್ಟಿದ್ದರು. ಪ್ರತಿ ಪುಟದ ಅಂಚಿಗೂ ಒಂದು ದಪ್ಪ ಹೆಬ್ಬೆರಳು. ಮೊದಲ ಪುಟಕ್ಕೆ ದೀಪದ ಚಿತ್ರ, ಅದರ ಕೆಳಗೆ "ಜ್ಞಾನ ದಾಸೋಹ. ಹತ್ತು ಮಂದಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿರಿ", ಅದರ ಕೆಳಗೆ ಕಳಿಸಿದವರ ಊರು ಯಮಕನಮರಡಿ ಎಂದೂ ಅವರ ಫೋನ್ ನಂಬರೂ! ಕದ್ದವನು ವಿಳಾಸ ಬರೆದಿಟ್ಟು ಹೋಗುವುದು ನಮ್ಮ ಸೀಮೆಯಲ್ಲಿ ಮಾತ್ರ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಅದು ಇದೇ.

ಸ್ವಂತ ಪುಸ್ತಕ ಮಾಡಿಕೊಂಡವರು ಈ ಕಡೆ ನಾವು ಕೆಲವರಿದ್ದೇವೆ. ಭೇಟಿಯಾದಾಗಲೆಲ್ಲ ಇದೇ ಗೋಳು. ಹುಕ್ಕೇರಿಯಲ್ಲಿ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿಯ ಪದಗಳನ್ನು ಕೂಡಿಸಿ ಪುಸ್ತಕ ಮಾಡಿದವರೊಬ್ಬರು, "ಕದ್ದು ಓದಿದವರ ಹೊಟ್ಟೆ ಕಡಿಯಲಿ" ಎಂದು ಮೊದಲ ಪುಟದಲ್ಲೇ ಶಾಪ ಅಚ್ಚು ಹಾಕಿಸಿದ್ದರು. ಕದ್ದವರು ಆ ಶಾಪವನ್ನೂ ಬಿಡದೆ ಫೋಟೋ ಹೊಡೆದು ಹಂಚಿದರು. ಯಾರ ಹೊಟ್ಟೆಯೂ ಕಡಿದ ಸುದ್ದಿ ಬರಲಿಲ್ಲ. ಅವರು ಈಗ ಆ ಕಥೆ ಹೇಳಿ ತಾವೇ ನಗುತ್ತಾರೆ. ನನಗೆ ನಗು ಬರಲಿಲ್ಲ. ಆ ನಂಬರಿಗೆ ಫೋನ್ ಹಚ್ಚಿ ಯಮಕನಮರಡಿಯವನ ಜನ್ಮ ಜಾಲಾಡಬೇಕು ಎಂದು ಕೂತೆ. ನಮ್ಮ ಮನೆಯವರು ಫೋನ್ ಕಸಿದುಕೊಂಡರು. "ನಿನ್ನ ಬಾಯಿ ನನಗ ಗೊತ್ತೈತಿ. ಸಿಟ್ಟು ಇಳೀಲಿ, ಆಮ್ಯಾಲ ಮಾತಾಡು" ಎಂದರು. ನನ್ನ ಸಿಟ್ಟು ಅಷ್ಟು ಬೇಗ ಇಳಿಯುವ ಜಾತಿಯದಲ್ಲ. ಮನೆಗೆ ಬಂದ ಹಾಲಿನವನಿಗೂ ಹೇಳಿಕೊಂಡು ಬೈದೆ.

ಆ ಸಿಟ್ಟು ಇನ್ನೂ ಇರುವಾಗಲೇ ಕಲ್ಲೋಳಿಯಿಂದ ಒಂದು ಫೋನ್ ಬಂತು. ಹುಡುಗನ ದನಿ, ಅಂಜಿದ ದನಿ. ಪುಸ್ತಕದ ಕೊನೆಯಲ್ಲಿದ್ದ ನನ್ನ ನಂಬರ್ ನೋಡಿ ಹಚ್ಚಿದ್ದ.

"ಅಕ್ಕಾರ, ನನ್ನ ಹೇಣ್ತಿ ಹಡದಾಳ್ರಿ. ಫೋನಿನ್ಯಾಗ ಬಂದ ನಿಮ್ಮ ಪುಸ್ತಕ ನೋಡಿನ ಎಲ್ಲಾ ಮಾಡಾಕತ್ತೇನಿ. ಖರೆ, ಇವತ್ತಿಂದು ಆಕಿ ಕಡೆ ಮುಗೀವಲ್ದು. ಒಂದು ಚರಿಗಿ ಕುಡದಾಳ, ಮುಂದ ಒಲ್ಲೆ ಅಂತ ಅಳಾಕತ್ತಾಳ್ರಿ."

"ಏನು ಕುಡಸಾಕತ್ತೀಯೋ ತಮ್ಮಾ?"

"ನುಚ್ಚಿನ ಅಂಬಲಿರಿ. ನೀವ ಬರದೀರಲ್ರಿ, ಒಂದು ಬಕೀಟು ಅಂತ."

ನಾನು ಬಾಣಂತಿಗೆ ಬಕೀಟು ಬರೆದದ್ದೇ ಇಲ್ಲ. ಓದಿ ಹೇಳು ಎಂದೆ. ಓದಿದ. ಅಜವಾನ, ಮೆಂತ್ಯ ಹುರಿದು ಬೆಲ್ಲದ ಜೊತೆ ಕುಟ್ಟಿದ ಮೇಲೆ ಎನ್ನುವಲ್ಲಿಯವರೆಗೆ ಅದು ಬಾಣಂತಿಯ ಗಂಜಿಯೇ. ಅಲ್ಲಿಂದ ಮುಂದೆ, "ಜೋಳದ ನುಚ್ಚಿನ ಜೊತೆ ಒಂದು ಬಕೆಟ್ ಅಂಬಲಿ ಕಾಯಿಸಿ, ಉಗುರುಬೆಚ್ಚಗೆ ಇರುವಾಗಲೇ ಕುಡಿಸಬೇಕು. ಪೂರ್ತಿ ಕುಡಿಯುವವರೆಗೆ ಅಲ್ಲಿಂದ ಏಳಬಾರದು. ಒಲ್ಲೆ ಎಂದರೆ ಬೆನ್ನು ಸವರಿ, ಪ್ರೀತಿಯಿಂದ ಮಾತನಾಡಿಸುತ್ತ ಕುಡಿಸಬೇಕು."

ಅದು ಎಮ್ಮೆ! ಬಾಣಂತಿಯ ಅಧ್ಯಾಯದ ಕೊನೆಯ ಪುಟವೂ ಎಮ್ಮೆಯ ಅಧ್ಯಾಯದ ಮೊದಲ ಪುಟವೂ ಫೋಟೋದಲ್ಲಿ ಬಿಟ್ಟುಹೋಗಿ, ಅರ್ಧ ಹೆಂಗಸಿಗೆ ಅರ್ಧ ಎಮ್ಮೆ ಅಂಟಿಕೊಂಡಿತ್ತು.

"ನಾ ಬೆನ್ನೂ ಸವರಾಕತ್ತೇನ್ರಿ" ಎಂದ ಪಾಪ ಹುಡುಗ. "ನಮ್ದು ಕುರಿ, ಎಮ್ಮಿ ಸಾಕೋ ಮನಿರಿ. ನಮ್ಮ ಎಮ್ಮಿ ಈದಾಗ ನಮ್ಮಪ್ಪನೂ ಹಿಂಗ ಮಾಡತಿದ್ದ. ಅದಕ ಮನಸಿಗೆ ಸಂಶೆ ಬಂತು. ಆದ್ರ ಪುಸ್ತಕದಾಗ ಬರದಾರ ಅಂದಮ್ಯಾಲ ಖರೇನ ಇರಬೇಕು ಅಂತ..."

"ಆ ಬಕೀಟು ಒಯ್ದು ಎಮ್ಮಿ ಮುಂದ ಇಡು ಮೊದಲ!" ಎಂದು ಕೂಗಿದೆ. ಅವನ ಹೆಂಡತಿಗೆ ಫೋನ್ ಕೊಡಿಸಿ ಮಾತನಾಡಿದೆ. ಹೊಟ್ಟೆ ಭಾರವಾಗಿತ್ತು, ಮತ್ತೇನೂ ಆಗಿರಲಿಲ್ಲ. ಮೆತ್ತಗಿನ ಅನ್ನ ಉಣ್ಣಲು ಹೇಳಿ, ಹೊಟ್ಟೆ ಕೆಟ್ಟರೆ ಡಾಕ್ಟರ್ ಹತ್ತಿರ ಕರೆದೊಯ್ಯಬೇಕೆಂದು ಅವನಿಗೆ ಎರಡೆರಡು ಸಲ ಹೇಳಿದೆ. ಮನೆಯಲ್ಲಿ ಹಿರಿಯ ಹೆಂಗಸರು ಯಾರಿಲ್ಲವೇ ಎಂದು ಕೇಳಿದೆ. "ಇಲ್ರಿ. ಇವರವ್ವನೂ ಇಲ್ಲ, ನಮ್ಮವ್ವನೂ ಇಲ್ಲ" ಎಂದಳು ಹುಡುಗಿ.

ಫೋನ್ ಇಟ್ಟ ಮೇಲೆ ಮೊದಲು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಯೋಚನೆ ಹತ್ತಿತು. ಅವ್ವ, ಅತ್ತೆ, ಅಜ್ಜಿ ಇರುವ ಮನೆಯಲ್ಲಿ ಯಾರೂ ಬಾಣಂತಿಗೆ ಬಕೆಟ್ಟು ಹಿಡಿಯುವುದಿಲ್ಲ. ಮುದುಕಿಯರು ನನ್ನ ಪುಸ್ತಕವನ್ನು ಒಲೆಗೆ ಹಾಕಿ ತಮಗೆ ತಿಳಿದದ್ದನ್ನೇ ಮಾಡುತ್ತಾರೆ. ತಪ್ಪು ಕಾಣುವುದು ತಿಳಿದವರಿಗೆ, ಪುಸ್ತಕ ಬೇಕಾಗುವುದು ತಿಳಿಯದವರಿಗೆ. ಯಾರೂ ಇಲ್ಲದ ಎಷ್ಟು ಮನೆಗಳಿಗೆ ಈ ಬಕೆಟ್ಟು ಹೋಗಿದೆಯೋ, ಯಾವ ಹಸಿ ಬಾಣಂತಿಯ ಹೊಟ್ಟೆ ಕೆಡುತ್ತದೆಯೋ! ಮೇಲೆ ಹೆಸರು ನನ್ನದು. ಪುಸ್ತಕ ಕದ್ದ ಸಿಟ್ಟಿಗಿಂತ ಈ ಭಯವೇ ದೊಡ್ಡದಾಯಿತು. ಮರುದಿನವೇ ನಮ್ಮ ಮನೆಯವರನ್ನು ಎಬ್ಬಿಸಿಕೊಂಡು ಹೊರಟು, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಯಮಕನಮರಡಿಗೆ ಹೋದೆ.

ಆ ನಂಬರಿನವರದು ಹೈವೇ ಮಗ್ಗುಲಿಗೆ ಲಾರಿ ಆಫೀಸು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ನಮ್ಮ ಮನೆಯವರ ವಯಸ್ಸು. ನಾನು ಯಾರೆಂದು ಹೇಳಿದ್ದೇ ತಡ, ಎದ್ದು ಕೈ ಮುಗಿದರು. "ಬರ್ರಿ ಬರ್ರಿ ಅಕ್ಕಾರ! ನಿಮ್ಮ ಪುಸ್ತಕ ಊರೂರಿಗೂ ಮುಟ್ಟಿಸೇನಿ ನೋಡ್ರಿ!" ಎಂದರು. ಚಹಾ ತರಿಸಿದರು, ಚುರಮುರಿ ತರಿಸಿದರು. ಬೈಯಲು ಬಂದವಳ ಮುಂದೆ ಹೀಗೆ ಚುರಮುರಿ ತಂದಿಟ್ಟರೆ ಏನು ಮಾಡಬೇಕು? ತಿಂದೆ. ತಿಂದೂ ಬೈದೆ.

"ಯಾರನ್ನ ಕೇಳಿ ಹಂಚಿದ್ರಿ?"

"ಜ್ಞಾನ ಅಂದ್ರ ಗಂಟು ಕಟ್ಟಿ ಇಡೂದಲ್ರಿ ಅಕ್ಕಾರ. ನಾವು ಶರಣರ ಹಾದ್ಯಾಗ ನಡಿಯೋರು. ದಾಸೋಹಕ್ಕ ಯಾರದರ ಪರವಾನಗಿ ಬೇಕೇನ್ರಿ?"

"ನಾವೂ ಅದ ಹಾದಿಯವ್ರ ಅದೇವ್ರಿ. ದಾಸೋಹಕ್ಕಿಂತ ಮೊದಲ ಕಾಯಕ ಐತಿ. ಕಾಯಕ ನಂದು, ದಾಸೋಹ ನಿಮ್ಮದು, ಇದು ಯಾವ ನ್ಯಾಯ? ಬಾಜೂ ಮನಿ ಹಗೇವಿನ ಕುಣ್ಯಾಗಿನ ಜ್ವಾಳ ತಗದು ಪಂಕ್ತಿಗೆ ಬಡಿಸಿದ್ರ ಅದಕ್ಕ ದಾಸೋಹ ಅನ್ನೂದಿಲ್ರಿ."

ಅವರ ಮುಖ ಸಣ್ಣದಾಯಿತು. ನಮ್ಮ ಮನೆಯವರು ಚುರಮುರಿಯಲ್ಲಿ ಶೇಂಗಾ ಹುಡುಕುವವರಂತೆ ತಲೆ ತಗ್ಗಿಸಿದರು. ನಾನು ಆ ಪುಟ ತೆಗೆಸಿ, ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಬಕೆಟ್ಟಿಗೆ ಬಂದಾಗ ಅವರ ದನಿ ಸಣ್ಣಗಾಯಿತು, ಬೆನ್ನು ಸವರುವಲ್ಲಿಗೆ ಬಂದು ನಿಂತೇ ಹೋಯಿತು. ಕಲ್ಲೋಳಿಯ ಸುದ್ದಿ ಹೇಳಿದೆ. ಎಂಜಲು ಹಚ್ಚಿ ತಿರುವಿದರೂ ಎರಡು ಹಾಳೆ ಅಂಟಿಕೊಂಡಿದ್ದವು ಅನ್ನಿಸುತ್ತದೆ ಎಂದರು. ಫೋನನ್ನು ಮೇಜಿನ ಮೇಲಿಟ್ಟು, "ನನ್ನ ಸೊಸಿ ತುಂಬಿದ ಬಸರಿ ಅದಾಳ್ರಿ. ಆಕೀ ಸಲುವಾಗಿನ ಈ ಪುಸ್ತಕ ಕೊಂಡಿದ್ದೆ. ನಮ್ಮ ಮನ್ಯಾಕಿ ತೀರಿಕೊಂಡು ಭಾಳ ದಿನ ಆತು" ಎಂದರು. ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿದುಹೋಯಿತು. ಕೊಂಡದ್ದಂತೂ ಕೊಂಡಿದ್ದಾರೆ ಎಂಬುದೂ ಒಂದು ಸಮಾಧಾನ.

ಹೋದದ್ದನ್ನು ವಾಪಸು ಕರೆಯುವ ಹಾಗಿರಲಿಲ್ಲ. ಅದು ಯಾರಿಂದ ಯಾರಿಗೆ ಹೋಗಿದೆಯೋ ದೇವರಿಗೇ ಗೊತ್ತು. ಉಳಿದ ದಾರಿ ಒಂದೇ. ಸರಿಯಾದದ್ದನ್ನು ತಪ್ಪಿನ ಬೆನ್ನು ಹತ್ತಿಸಿ ಕಳಿಸಬೇಕು. ಅಲ್ಲೇ ಕೂತು ಅಚ್ಚುಮನೆಗೆ ಫೋನ್ ಹಚ್ಚಿ, ಬಾಣಂತಿ ಅಧ್ಯಾಯದ ಪೂರ್ತಿ ಪಿಡಿಎಫ್ ವಾಟ್ಸಾಪಿಗೆ ತರಿಸಿದೆ. ಹಂಚಬೇಡಿ ಎಂದು ಜಗಳಕ್ಕೆ ಹೋದವಳು, "ಎಷ್ಟು ಮಂದಿಗೆ ಹೋಗತೈತಿ ಅಷ್ಟು ಮಂದಿಗೆ ಕಳಸ್ರಿ" ಎಂದು ಅವರ ಮುಂದೆಯೇ ಬೇಡಿಕೊಂಡೆ. ನಮ್ಮ ಮನೆಯವರು ನನ್ನ ಮುಖ ನೋಡದೆ ನಕ್ಕರು.

"ಮಂದಿ ಮತ್ತೊಮ್ಮಿ ತಗದು ಓದೂದಿಲ್ರಿ. ನೀವ ಬಾಯಲೆ ಹೇಳ್ರಿ, ಕೇಳ್ತಾರ" ಎಂದು ಆ ಲಾರಿ ಆಫೀಸಿನವರು ತಮ್ಮ ಫೋನ್ ನನ್ನ ಮುಂದೆ ಹಿಡಿದರು. ಹೈವೇ ಮೇಲೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಹೇಳಿದೆ. "ಬಾಣಂತನದ ಪುಸ್ತಕ ಬರದಾಕಿ ಮಾತಾಡಾಕತ್ತೇನ್ರಿ. ಫೋನಿನ್ಯಾಗ ಬಂದ ಪುಸ್ತಕದಾಗ ಎರಡು ಪುಟ ಇಲ್ಲ. ಬಕೀಟಿನ ಅಂಬಲಿ ಎಮ್ಮಿಗೆ, ಹೆಣ್ಣಮಕ್ಳಿಗಲ್ಲ. ಬಾಣಂತಿಗೆ ಒಂದು ಬಟ್ಟಲು ಗಂಜಿ ಸಾಕು. ಒಲ್ಲೆ ಅಂದ್ರ ಒತ್ತಾಯ ಮಾಡಬ್ಯಾಡ್ರಿ. ಬೆನ್ನು ಸವರೂದು ಬಿಡಬ್ಯಾಡ್ರಿ, ಅದು ಇಬ್ಬರಿಗೂ ಬೇಕು."

ಆ ಮಾತು ಪುಸ್ತಕಕ್ಕಿಂತ ಜೋರಾಗಿ ಓಡಿತು. ನಾವು ಗೋಕಾಕಕ್ಕೆ ಮುಟ್ಟುವುದರೊಳಗೆ ನಮ್ಮ ನಾದಿನಿಯೇ ಅದನ್ನು ನನಗೆ ಕಳಿಸಿ, "ವೈನಿ, ಇದು ನಿಮ್ಮ ದನಿ ಇದ್ದಂಗ ಐತಲ್ಲ?" ಎಂದು ಕೇಳಿದ್ದಳು. ಫೋನುಗಳು ಬರತೊಡಗಿದವು. ಬೇರೆ ಯಾರೂ ಬಕೆಟ್ಟು ಕುಡಿಸಿರಲಿಲ್ಲ. ಕೆಲವರು ಓದಿ, ಅಕ್ಕಾರು ಏನೋ ಹೆಚ್ಚು ಬರೆದಿದ್ದಾರೆ ಎಂದು ಬಟ್ಟಲಿನಲ್ಲೇ ಕೊಟ್ಟಿದ್ದರಂತೆ. ಒಂದೊಂದು ಫೋನಿಗೂ ನನ್ನ ಎದೆಯ ಕಲ್ಲು ಒಂದಿಷ್ಟು ಇಳಿಯಿತು. ಕೂಸು ಅಳುತ್ತದೆ, ಹಾಲು ಸಾಲುವುದಿಲ್ಲ ಎಂದು ಕೇಳುವವರೂ ಶುರುವಾದರು. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಫೋನ್ ಹಿಡಿದು ಕೂರುವುದೇ ನನ್ನ ಕೆಲಸ. ಖುಷಿಯಿಂದ ಮಾಡುತ್ತೇನೆ.

ಹೊಸ ಮುದ್ರಣದಲ್ಲಿ ಎಮ್ಮೆಗೆ ಬೇರೆಯೇ ಪುಸ್ತಕ ಮಾಡಿದೆ. ಅವ್ವ ಇದ್ದರೆ ಬೈಯುತ್ತಿದ್ದಳು. ಪ್ರತಿ ಅಡುಗೆಯೂ ಒಂದೇ ಪುಟದಲ್ಲಿ ಶುರುವಾಗಿ ಅಲ್ಲೇ ಮುಗಿಯುವಂತೆ ಬರೆದೆ. ಕದ್ದರೂ ಇಡಿಯಾಗಿ ಕದಿಯಲಿ. ಬಾಣಂತಿಯ ಊಟದ ಭಾಗವನ್ನು ನಾನೇ ಫೋನಿನಲ್ಲಿ ಪುಕ್ಕಟೆ ಕೊಡುತ್ತೇನೆ, ಉಳಿದದ್ದು ಬೇಕಾದವರು ಕೊಳ್ಳುತ್ತಾರೆ. ಹುಕ್ಕೇರಿಯ ಶಾಪದವರು, "ನೀವು ಕಳ್ಳರಿಗೆ ಶರಣಾದ್ರಿ" ಎಂದು ಚೇಷ್ಟೆ ಮಾಡುತ್ತಾರೆ. ಮಾಡಲಿ. ಕೇಳದೆ ಒಯ್ದರೆ ಈಗಲೂ ಸಿಟ್ಟು ಬರುತ್ತದೆ, ಆದರೆ ಅದನ್ನು ಇಟ್ಟುಕೊಂಡು ಕೂರಲು ಪುರಸೊತ್ತಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಕಲ್ಲೋಳಿಯ ಹುಡುಗಿ ಗಂಡನ ಗಾಡಿಯ ಮೇಲೆ ಕೂಸು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ತೆಳ್ಳಗಿನ, ಚುರುಕು ಕಣ್ಣಿನ ಹುಡುಗಿ. ಕೂಸು ಗುಂಡುಗುಂಡಗಿತ್ತು. ನೀರು ಕುಡಿದು, ಚಹಾ ಕುಡಿದು, ಕೂಸಿನ ಅಂಗಿಯನ್ನು ಮತ್ತೆ ಮತ್ತೆ ಸರಿಮಾಡುತ್ತ ಕೂತಳು. ಏನೋ ಬೇಕಾಗಿದೆ ಎಂದು ತಿಳಿಯಿತು.

"ಬಾಣಂತನ ಮುಗೀತ್ರಿ" ಎಂದಳು. "ಎಲ್ಲಾರಿಗೂ ತವರಮನ್ಯಾಗ ಉಡಿ ತುಂಬಿ ಕಳಸ್ತಾರ. ನಮ್ಮವ್ವ ಇಲ್ಲ. ನಂದು ಬಾಣಂತನ ಮಾಡಿದವ್ರು ನೀವ. ಅದಕ ಬಂದೇನ್ರಿ."

ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಕುಂಕುಮ, ಒಂದು ಹೊಸ ಕುಪ್ಪಸದ ಖಣ ತಂದು, ಮಣೆ ಹಾಕಿ ಕೂರಿಸಿ, ಉಡಿ ತುಂಬಿದೆ. ಕೊನೆಗೆ ಮಂಚದ ಕೆಳಗಿನಿಂದ ಹೊಸ ಪುಸ್ತಕ ತೆಗೆದು ಅದರ ಮೇಲಿಟ್ಟೆ.

ಅವಳು ಅದನ್ನು ಎತ್ತಿ ನನ್ನ ಕೈಗೇ ವಾಪಸು ಕೊಟ್ಟಳು. "ಇದು ಬ್ಯಾಡ್ರಿ. ಫೋನಿನ್ಯಾಗ ಐತಲ್ರಿ. ಇದನ್ನ ಯಾರಿಗರ ಮಾರ್ರಿ, ನಿಮಗೂ ನಾಕು ದುಡ್ಡು ಆಕ್ಕೈತಿ."

ನಮ್ಮ ಮನೆಯವರು ಗೊಳ್ಳೆಂದು ನಕ್ಕರು. ತವರಿನಿಂದ ಹೊರಡುವ ಹೆಣ್ಣುಮಕ್ಕಳು ಕೊಟ್ಟದ್ದಕ್ಕೆಲ್ಲ ಬೇಡ ಬೇಡ ಎನ್ನುತ್ತಾರೆ, ಅವ್ವಂದಿರು ಕೇಳಿಸಿಕೊಳ್ಳುವುದಿಲ್ಲ. ಅವಳು ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದಾಗ ನಾನು ಅವಳ ಚೀಲ ಬಿಚ್ಚಿ, ಕೂಸಿನ ಬಟ್ಟೆಗಳನ್ನು ಸರಿಸಿ, ಪುಸ್ತಕವನ್ನು ತಳಕ್ಕೆ ತುರುಕಿ, ಚೀಲ ಕಟ್ಟಿಬಿಟ್ಟೆ.