ನರಿ ಮುಖ ಬೇಕಾಗಿತ್ತು

ಕುರುಗೋಡಿನ ಗುಡ್ಡದ ಬುಡದಲ್ಲಿರುವ ಆ ಹೊಲದ ಬದುವಿನೊಳಗೆ ನರಿಯೊಂದು ಮೂರು ಮರಿ ಹಾಕಿದೆ ಎಂಬ ಸುದ್ದಿ ತಂದವಳು ಹೊಲದೊಡತಿಯೇ. ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ವರ್ಷವರ್ಷ ಒಣಮೆಣಸಿನಕಾಯಿ ತಂದುಕೊಡುವಾಕೆ. ಕಟ್ಟೆಯ ಮೇಲೆ ಕೂತು, ನೀರು ಕುಡಿದು, "ಫೋಟೊದ ಹುಚ್ಚು ಐತಲ್ಲ ನಿಮಗ, ಬರ್ರಿ" ಅಂದಳು. ನಿಜವಾದ ಕಾರಣ ಎರಡನೇ ಲೋಟಕ್ಕೆ ಹೊರಬಂತು. ಸೋಮವಾರ ಆಕೆಯ ಗಂಡ ಟ್ರ್ಯಾಕ್ಟರ್ ತರಿಸಿ ಬದು ಸಮ ಮಾಡಿಸುವವನಿದ್ದ. ಒಳಗೆ ಮರಿಗಳಿವೆ ಎಂದರೆ, ಹೆಗ್ಗಣ ಇರಬೇಕು ಬಿಡು ಎನ್ನುತ್ತಾನಂತೆ.

"ಬೆಕ್ಕು ಅಡ್ಡ ಬಂದ್ರ ಬಸ್ಸು ಬಿಟ್ಟು ಮನಿಗೆ ಬರೋ ಮನಷ್ಯಾ. ಮುಂಜಾನಿ ಎದ್ದ ಕೂಡ್ಲೆ ನರಿ ಮುಖ ತೋರಿಸಿದ್ರ ಆ ಬದುವಿಗಿ ಕೈ ಹಚ್ಚಂಗಿಲ್ಲ. ಆದ್ರ ಮುಖಾನ ಬೇಕ್ರಿ. ಬಾಲ ನಡಿಯಂಗಿಲ್ಲ."

ಬೆಳಿಗ್ಗೆ ನರಿ ಮುಖ ನೋಡಿದರೆ ದಿನವೆಲ್ಲ ಒಳ್ಳೆಯದಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನೋಡಿದವರು ಮಾತ್ರ ಕಡಿಮೆ. ಮೂರು ಜೀವಗಳ ಭಾರ ನನ್ನ ಹಳೇ ಕ್ಯಾಮೆರಾದ ಮೇಲೆ ಬಿತ್ತು. ನಾನೋ, ಮನೆ ಬೀಗವನ್ನು ನಾಲ್ಕು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನಿಂದ ಪಕ್ಕದ ಮನೆಯವರಿಗೆ ಫೋನು ಮಾಡಿ ಐದನೇ ಸಲ ಎಳೆಸುವವನು.

ಶನಿವಾರ ಸೂರ್ಯ ಮೂಡುವ ಮೊದಲೇ ಹೊಲದ ಒಣ ಕಾಲುವೆಯಲ್ಲಿ ಕೂತೆ. ಹಾವಿನ ಚಿಂತೆ, ಗಾಳಿ ನನ್ನ ವಾಸನೆಯನ್ನು ಅತ್ತ ಒಯ್ಯುತ್ತದೆಯೇ ಎಂಬ ಚಿಂತೆ, ಸ್ನಾನ ಮಾಡದೆ ಬಂದಿದ್ದರಿಂದ ಆ ವಾಸನೆಯದೇ ಬೇರೆ ಚಿಂತೆ. ಮರಿಗಳು ಹೊರಬಂದವು. ಒಂದು ಇನ್ನೊಂದರ ಕಿವಿ ಹಿಡಿದು ಎಳೆಯಿತು, ಮೂರನೆಯದು ಎರಡರ ಮೇಲೂ ಹಾರಿ, ಗುರಿ ತಪ್ಪಿ, ಬದುವಿನಿಂದ ಉರುಳಿತು. ಫ್ಲ್ಯಾಶ್ ಹಾಕಿದರೆ ಬೆದರುತ್ತವೆ. ಹಾಕದಿದ್ದರೆ ಅಷ್ಟು ಮಂದ ಬೆಳಕಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ಮೂತಿಗಳು ಮೂರು ಕಡೆ ಹೋಗಿರುತ್ತವೆ. ಬಿಲಕ್ಕೆ ತಲೆ ತೂರಿಸಿದ ಮರಿಯ ಬಾಲವೊಂದೇ ಸಭ್ಯವಾಗಿ ನಿಲ್ಲುತ್ತಿತ್ತು.

ಚಿತ್ರಗಳನ್ನು ಆಕೆಗೆ ತೋರಿಸಿದೆ.

"ಇದೇನ್ರಿ?"

"ಮರಿ."

"ಇದು?"

"ಅದೂ ಮರಿ."

"ಒಲಿ ಹೊಗಿ ಇದ್ದಂಗ ಐತಿ," ಎಂದು ಆಕೆ ನಿಟ್ಟುಸಿರುಬಿಟ್ಟಳು. "ನೋಡ್ರಿ, ಮ್ಯಾಲೆ ಹಾರೂದಕ್ಕ ಮೊದ್ಲು ಹೊಟ್ಟಿ ನೆಲಕ್ಕ ಹಚ್ಚಿ ಒಂದ್ ಗಳಿಗಿ ಸುಮ್ನಿರ್ತಾವ. ಆವಾಗ ಒತ್ರಿ."

ಇಷ್ಟು ವರ್ಷ ಫೋಟೊ ತೆಗೆದವನಿಗೆ ಇದು ಹೊಳೆದಿರಲಿಲ್ಲ. ಆ ಗಳಿಗೆ ಬಂದಾಗಲೆಲ್ಲ ನಾನು ಬ್ಯಾಟರಿ ಎಷ್ಟಿದೆ ಎಂದು ನೋಡುತ್ತಿದ್ದೆ.

ಭಾನುವಾರ, ಕೊನೆಯ ಅವಕಾಶ. ಮರಿಗಳಿನ್ನೂ ಹೊರಬಂದಿರಲಿಲ್ಲ, ಹಿಂದಿನಿಂದ ದನಿ ಕೇಳಿಸಿತು. "ಏನ್ ಹುಡುಕಾಕ್ಹತ್ತೀರಿ? ನಿಧಿಯೇನು?" ಗಂಡ. ಪೇಟೆಯವನೊಬ್ಬ ಎರಡು ದಿನದಿಂದ ತನ್ನ ಕಾಲುವೆಯಲ್ಲಿ ಕೂತಿದ್ದಾನೆಂದು ಯಾರೋ ಹೇಳಿದ್ದರು. ನಾನು ತುಟಿಗೆ ಬೆರಳಿಟ್ಟೆ. ಆತ ಏನೆಂದುಕೊಂಡನೋ, ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಬಿಲದಿಂದ ಮೊದಲು ಎರಡು ಕಿವಿ. ಆಮೇಲೆ ಮೂರು ಮರಿಗಳ ಗುದ್ದಾಟ. ಉರುಳುವುದರಲ್ಲಿ ನಿಪುಣವಾದ ಮರಿ ಈ ಸಲ ಉರುಳುತ್ತ ಬಂದದ್ದು ನಮ್ಮ ಕಡೆಗೇ. ಎದ್ದು ಚಪ್ಪಲಿ ಮೂಸಿತು. ಹಿಂದೆ ಸರಿದು, ಹೊಟ್ಟೆ ನೆಲಕ್ಕೆ ಹಚ್ಚಿ, ತಲೆಯೆತ್ತಿ ಆತನನ್ನೇ ನೋಡಿತು.

ಒತ್ತಿದೆ.

ಮರಿ ಹಾರಿತು, ಚಪ್ಪಲಿ ಕಚ್ಚಿಕೊಂಡು ಓಡಿತು, ಉಳಿದೆರಡು ಅದರ ಬೆನ್ನು ಹತ್ತಿದವು. "ಲೇ, ಲೇ," ಎಂದು ಆತ ಪಿಸುಗುಟ್ಟಿದ, ಗದರಿಸಲೂ ಮನಸ್ಸಿಲ್ಲದವನಂತೆ. ಚಪ್ಪಲಿ ಬಿಲದ ಬಾಯಿಗೆ ಅಡ್ಡ ಸಿಕ್ಕಿಕೊಂಡಿತು. ಒಳಗಿನಿಂದ ಯಾರೋ ಎಳೆದುಕೊಂಡರು.

"ನನ್ ಕಡೀಗಿ ನೋಡ್ತಲ್ರಿ," ಎಂದ ಆತ, ಬಿಲದಿಂದ ಕಣ್ಣು ತೆಗೆಯದೆ.

ಕ್ಯಾಮೆರಾ ನೋಡಿಕೊಂಡೆ. ಚಪ್ಪಲಿಯ ಹೊಲಿಗೆಯನ್ನು ಎಣಿಸಬಹುದಾಗಿತ್ತು, ಅಷ್ಟು ಸ್ಪಷ್ಟ. ಅದರ ಹಿಂದೆ ಮತ್ತೆ ಒಲೆ ಹೊಗೆ.

ಆತ ಒಂದೇ ಚಪ್ಪಲಿಯಲ್ಲಿ ಮನೆಗೆ ನಡೆದ, ನಾನು ಹಿಂದೆ. ಅಂಗಳದಲ್ಲಿ ಆಕೆ ಮೊದಲು ಅವನ ಕಾಲು ನೋಡಿದಳು, ಆಮೇಲೆ ನನ್ನ ಮುಖ. "ನಾಳಿ ಟ್ರ್ಯಾಕ್ಟರ್ ಬರ್ತೈತಲ್ಲ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಬ್ಯಾಡಂತ ಹೇಳ್ತೀನಿ. ನನ್ ಚಪ್ಲಿ ಒಳಗ ಐತಿ."

"ಒಂದ್ ಕಾಲಿನ ಚಪ್ಲಿಗಿ?"

"ಹೊಸಾದಿತ್ತು," ಎಂದು ಆತ ಕಾಲು ತೊಳೆಯಲು ಹೋದ.