ದನಿ ಇಳಿಸಿದ ಮಾಸ್ತರರು, ಏರಿಸಿದ ಹಸೀನಾಬಿ

ಮೆಣಸಿನಕಾಯಿ ಗೋದಾಮಿನಲ್ಲಿ ಕೂತು ಸಿನಿಮಾ ನೋಡಿದ್ದೀರಾ? ನೋಡಬೇಡಿ. ನಾನು ಕಳೆದ ಭಾನುವಾರ ಬ್ಯಾಡಗಿಯಲ್ಲಿ ನೋಡಿ ಬಂದೆ. ಮೂಗು ಇನ್ನೂ ನನ್ನ ಮಾತು ಕೇಳುತ್ತಿಲ್ಲ.

ಸಿನಿಮಾ ಅಂದರೆ ಸಾಕ್ಷ್ಯಚಿತ್ರ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಗೆಳೆಯ ಹಿರೇಮಠ ಮಾಸ್ತರರು ರಜೆಯಲ್ಲಿ ತೆಗೆದದ್ದು. ಮಾತಾಡುವ ಹಕ್ಕು ಎಲ್ಲರಿಗೂ ಇದೆಯಲ್ಲ, ಮತ್ತೆ ನಾವು ಎಲ್ಲೆಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇವೆ, ಯಾಕೆ? ಹಾವೇರಿ ಬಸ್ ಸ್ಟ್ಯಾಂಡಿನಿಂದ ಬ್ಯಾಡಗಿ ಮಾರ್ಕೆಟ್ ಯಾರ್ಡಿನವರೆಗೆ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದ್ದಾರೆ. ಕ್ಯಾಮೆರಾ ಮಾತ್ರ ಮದುವೆ ವಿಡಿಯೋದವನದು. (ರೂಢಿ ಬಿಡಬೇಕಲ್ಲ! ಹಮಾಲರ ಮುಖದ ಸುತ್ತಲೂ ಹೂವಿನ ಚೌಕಟ್ಟು ಹಾಕಿಬಿಟ್ಟಿದ್ದಾನೆ.) ಆದರೂ ಇಷ್ಟು ಜೀವಂತ ಚಿತ್ರವನ್ನು ನಮ್ಮ ಕಡೆ ನಾನು ನೋಡಿರಲಿಲ್ಲ.

ತೋರಿಸಲು ಗೋದಾಮು ಕೊಟ್ಟವರು ವ್ಯಾಪಾರಿ ಬಸಣ್ಣ ಶೆಟ್ಟರು. ಚಿತ್ರ ತಮ್ಮ ಮೆಣಸಿನಕಾಯಿಯ ಮೇಲೆ ಅಂದುಕೊಂಡಿದ್ದರು ಪಾಪ. ಮುಂದಿನ ಕುರ್ಚಿಯಲ್ಲಿ ಅವರು. ಹಿಂದೆ ಚೀಲ ಹಾಸಿಕೊಂಡು ಹಮಾಲರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು. ಅವರ ನಡುವೆ ಹಸೀನಾಬಿ. ಶೆಟ್ಟರ ಗೋದಾಮಿನಲ್ಲೇ ಕೆಲಸ ಮಾಡುವಾಕೆ, ಚಿತ್ರದಲ್ಲೂ ಮಾತಾಡಿದಾಕೆ. ಆಕೆ ಮಾತಾಡಿದ್ದು ಏನೆಂದು ಮಾಸ್ತರರಿಗೆ ಗೊತ್ತು, ಶೆಟ್ಟರಿಗೆ ಗೊತ್ತಿಲ್ಲ. ಗೊತ್ತಾಗಿ ನಾಳೆ ಆಕೆಯ ಕೆಲಸಕ್ಕೇ ಕುತ್ತು ಬಂದರೆ?

"ಆಕಿ ಬಂದ ಕೂಡಲೇ ಸೌಂಡ್ ಇಳಸ್ತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದ ಮಾಸ್ತರರು ಬಾಡಿಗೆಗೆ ತಂದ ಟಿ.ವಿ., ವಿ.ಸಿ.ಆರ್.ಗಳಿಗೆ ಅಂಟಿಕೊಂಡೇ ಕೂತರು.

ಕತ್ತಲಾಗಲೆಂದು ಹಗಲಲ್ಲೇ ಬಾಗಿಲು ಮುಚ್ಚಿ ಚಿತ್ರ ಹಚ್ಚಿದರು. ಸೆಖೆ ಎಂದು ಯಾರೋ ಫ್ಯಾನ್ ಹಾಕಿದರು. ಅಷ್ಟೇ! ಹಂಗಾಮಿನುದ್ದಕ್ಕೂ ಮೂಲೆಯಲ್ಲಿ ಕೂತಿದ್ದ ಮೆಣಸಿನಕಾಯಿ ಧೂಳು ಎದ್ದಿತು. (ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವವರು ಅಲ್ಲಿರಬೇಕಿತ್ತು.) ಎಲ್ಲರಿಗೂ ಕೆಮ್ಮು, ಸೀನು. ಹೆಚ್ಚು ಕೆಮ್ಮಿದವರು ಶೆಟ್ಟರೇ.

"ನೀರು... ಲಗೂ ನೀರು ತರ್ರಿ!"

ಎಲ್ಲಿಂದ ತರುವುದು? ಅಷ್ಟು ದೊಡ್ಡ ಗೋದಾಮಿನಲ್ಲಿ ಒಂದು ತಂಬಿಗೆ ನೀರಿಲ್ಲ. ಹಸೀನಾಬಿ ಎದ್ದು ಬಂದು, ಮನೆಯಿಂದ ತಂದಿದ್ದ ಬಾಟಲಿ ಕೊಟ್ಟಳು. ಶೆಟ್ಟರು ಗಟಗಟ ಕುಡಿದರು. ಫ್ಯಾನ್ ಆರಿಸಿ ಮತ್ತೆ ಚಿತ್ರ ಹಚ್ಚಿದರು.

ಟಿ.ವಿ.ಯಲ್ಲಿ ಹಸೀನಾಬಿ ಬಂದಳು. ತುಟಿ ಅಲುಗುತ್ತಿದೆ, ದನಿ ಇಲ್ಲ.

"ಸರ್, ನನ್ನ ದನಿ ಎಲ್ಲಿ ಹೋತ್ರಿ?" ಹಿಂದಿನಿಂದ ಹಸೀನಾಬಿ ಕೇಳಿದಳು.

"ನಿನ್ನ ಸಲುವಾಗೇ ಇಳಿಸೇನಿ, ಯವ್ವಾ" ಎಂದರು ಮಾಸ್ತರರು.

"ಇಳಸ್ರಿ ಅಂತ ನಾ ಹೇಳೇನೇನ್ರಿ? ಅಂಜಿಕಿ ಇದ್ದಿದ್ರ ಅವತ್ತ ಮಾತಾಡತಿದ್ದಿಲ್ಲ. ಹಿಂದಕ ಹಚ್ರಿ, ಸೌಂಡ್ ಏರಸ್ರಿ."

ಮಾಸ್ತರರು ಕ್ಯಾಸೆಟ್ ಹಿಂದಕ್ಕೆ ಓಡಿಸಿದರು. ಈ ಸಲ ದನಿ ಗಟ್ಟಿಯಾಗಿಯೇ ಬಂತು: "ದಿನಾ ಈ ಘಾಟಿನಾಗ ಕುಂದರತೇವ್ರಿ. ಕುಡ್ಯಾಕ ನೀರಿಲ್ಲ. ಕೇಳಿದ್ರ ನಾಳೆ ಬರಬ್ಯಾಡ ಅಂತಾರ."

ಶೆಟ್ಟರ ಕೈಯಲ್ಲಿ ಆಕೆಯ ಖಾಲಿ ಬಾಟಲಿ ಇನ್ನೂ ಇತ್ತು.

ಹಮಾಲನೊಬ್ಬನಿಗೆ ಹುರುಪು ಬಂತು. "ಸಾವಕಾರ್ರ ಮಗಳು ಗಂಡನ್ನ ಯಾಕ ಬಿಟ್ಟು ಬಂದಾಳ, ಅದನ್ನೂ ಹೇಳ ಯಕ್ಕಾ!"

ಹಸೀನಾಬಿ ಗರಕ್ಕನೆ ತಿರುಗಿದಳು. "ಬಾಯಿ ಮುಚ್ಚೋ! ನಾ ನೀರಿನ ಮಾತು ಆಡೇನಿ. ಅವರ ಮನಿ ಹೆಣ್ಣುಮಗಳ ಸುದ್ದಿ ನಮಗ್ಯಾಕ?"

ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು. ತಟ್ಟಿಯೇಬಿಟ್ಟೆ. ಎಷ್ಟು ಗಟ್ಟಿಯಾಗಿ ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು, ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸಿದ್ದಳು ಪುಣ್ಯಾತ್ಗಿತ್ತಿ.

ಶೆಟ್ಟರನ್ನೂ ಮೆಚ್ಚಬೇಕು. ಗೋದಾಮು ಅವರದು, ಕರೆಂಟೂ ಅವರದು. ಸ್ವಿಚ್ ಆರಿಸಿದ್ದರೆ ಕೇಳುವವರು ಯಾರು? ಅವರು ಕಣ್ಣು ಒರೆಸಿಕೊಂಡು (ಘಾಟಿಗೋ, ಮತ್ತೆ ಯಾತಕ್ಕೋ) ಇಷ್ಟೇ ಅಂದರು: "ಆಕಿ ಹೇಳೂದು ಖರೇ ಐತ್ರಿ. ಮುಂದ ಹಚ್ರಿ."

ಸೋಮವಾರ ಹಸೀನಾಬಿ ಎಂದಿನಂತೆ ಕೆಲಸಕ್ಕೆ ಹೋದಳಂತೆ. ಗೋದಾಮಿನ ಬಾಗಿಲಲ್ಲಿ ನೀರು ತುಂಬಿದ ಹೊಸ ಹರವಿ ಇಟ್ಟಿದ್ದರಂತೆ. ಸುದ್ದಿ ತಂದ ಮಾಸ್ತರರಿಗೆ ಖುಷಿಯೂ ಹೌದು, ಸಂಕೋಚವೂ ಹೌದು.

ನನಗೆ ಉಳಿದಿರುವುದು ಒಂದೇ ಪ್ರಶ್ನೆ: ಬೈಸಿಕೊಂಡ ಸಾವಕಾರರೇ ಆರಿಸದ ದನಿಯನ್ನು, ಹಿತ ಬಯಸುವ ನಾವು ಇಳಿಸುವ ಮೊದಲು ಆಕೆಯನ್ನು ಒಂದು ಮಾತು ಕೇಳಬಾರದಿತ್ತೇ?